ಓಎಸ್ ಒಳಗೊಂದು ಓಎಸ್: ‘ಸ್ವಾಗತ’ ಬರೆಯಲು ಹೊರಟ ಕರ್ನಲ್

ಹಾಸನದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಸ್ವಂತ ಆಪರೇಟಿಂಗ್ ಸಿಸ್ಟಮ್ (ಓಎಸ್) ಬರೆಯುತ್ತೇವೆ ಅಂದರು. ಗುರಿ ಚಿಕ್ಕದು. ಯಂತ್ರ ಆನ್ ಆದ ಕೂಡಲೇ ಪರದೆಯ ಮೇಲೆ ಕನ್ನಡದಲ್ಲಿ ‘ಸ್ವಾಗತ’ ಎಂದು ಬರಬೇಕು. ಆಮೇಲೆ ಕೀಬೋರ್ಡಿನಿಂದ ಒಂದೆರಡು ಕಮಾಂಡ್ ಕೊಡಲು ಆಗಬೇಕು. ಓಎಸ್‌ನ ತಿರುಳಾಗಿ ಯಂತ್ರವನ್ನು ನೇರ ಆಳುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಲಿನಕ್ಸ್ ಕರ್ನಲ್‌ನ ಒಂದು ಸಾಲೂ ಒಳಗೆ ಇರಬಾರದು. ಅವರ ಗೈಡ್ ನನ್ನ ಹಳೆಯ ಸ್ನೇಹಿತರು. ಹಾಗಾಗಿ ಹುಡುಗರು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಫೋನ್ ನನಗೆ ಬರುತ್ತಿತ್ತು.

ಕನ್ನಡದ ಒಂದು ಪದ ತೋರಿಸೋದರಲ್ಲಿ ಏನಿದೆ ಮಹಾ ಅನ್ನಿಸಬಹುದು. ಆದರೆ ಆ ಒಂದು ಪದ ಅವರನ್ನು ಟೆಕ್ಸ್ಟ್ ಮೋಡ್‌ನಿಂದ ಗ್ರಾಫಿಕ್ಸ್‌ಗೆ ತಳ್ಳಿತು. ಗ್ರಾಫಿಕ್ಸ್ ಅವರನ್ನು ಪೇಜಿಂಗ್‌ನ (ಪ್ರೋಗ್ರಾಮಿನ ವಿಳಾಸಕ್ಕೆ ಮೆಮೊರಿಯ ಜಾಗ ಹೊಂದಿಸುವ ನಕ್ಷೆಯ) ಗುಂಡಿಗೆ ಬೀಳಿಸಿತು. ಇಂಗ್ಲಿಷಿನ ‘ಹಲೋ’ ಸಾಕು ಅಂದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಮೂರು ಪದರ

ಮೂವರ ಹತ್ತಿರವೂ ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಅದರಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ), ಅದರಲ್ಲಿ ಉಬುಂಟು ಎಂಬ ಲಿನಕ್ಸ್, ಉಬುಂಟು ಒಳಗೆ ಕ್ಯೂಎಮು ಎಂಬ ನಕಲಿ ಯಂತ್ರ, ಕ್ಯೂಎಮು ಒಳಗೆ ಇವರ ಕರ್ನಲ್. ಸ್ವಾರಸ್ಯ ಏನೆಂದರೆ ನಡುವಿನ ಪದರವೂ ಇದೇ ಜಾತಿಯದ್ದು. 2016ರಲ್ಲಿ ಬಂದ ಮೊದಲ ಡಬ್ಲ್ಯುಎಸ್‌ಎಲ್‌ನಲ್ಲಿ ಲಿನಕ್ಸ್ ಕರ್ನಲ್ಲೇ ಇರಲಿಲ್ಲ. ಲಿನಕ್ಸ್ ಪ್ರೋಗ್ರಾಮು ಮಾಡುವ ಸಿಸ್ಟಮ್ ಕಾಲ್‌ಗಳಿಗೆ, ಅಂದರೆ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳಿಗೆ, ವಿಂಡೋಸ್ ಕರ್ನಲ್‌ನೊಳಗಿನ ಒಂದು ಡ್ರೈವರ್ ಉತ್ತರ ಕೊಡುತ್ತಿತ್ತು. ಎಲ್ಲ ಕಾಲ್‌ಗಳನ್ನೂ ಹಾಗೆ ಸರಿದೂಗಿಸೋದು ಆಗಲಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಆ ದಾರಿ ಬಿಟ್ಟು, ತಾನೇ ಕಟ್ಟಿದ ನಿಜವಾದ ಲಿನಕ್ಸ್ ಕರ್ನಲ್ಲನ್ನು ಒಂದು ಸಣ್ಣ ವರ್ಚುವಲ್ ಮಷೀನ್‌ನಲ್ಲಿ ಓಡಿಸುವ ಡಬ್ಲ್ಯುಎಸ್‌ಎಲ್ 2 ಘೋಷಿಸಿತು. ಅಂದರೆ ಹುಡುಗರ ಓಎಸ್ ಕೂತಿದ್ದೇ ಇನ್ನೊಂದು ಹೀಗೆ ಕಟ್ಟಿದ ಓಎಸ್ ಒಳಗೆ.

ಕ್ಯೂಎಮು 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ ಎಮ್ಯುಲೇಟರ್. ಪ್ರೊಸೆಸರ್, ಡಿಸ್ಕ್, ವಿಡಿಯೋ ಕಾರ್ಡ್, ಕೀಬೋರ್ಡ್ ಚಿಪ್ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ನಟಿಸುತ್ತದೆ. ಓಎಸ್ ಪಾಠ ಮಾಡುವವರಿಗೆ ಇದು ಕೈಗೆ ಬಂದ ಮೇಲೆ ಕೆಲಸ ಎಷ್ಟೋ ಹಗುರವಾಯಿತು. ಎಂಐಟಿಯವರ ಪಾಠದ ಓಎಸ್ ಎಕ್ಸ್‌ವಿ6 ಕೂಡ ಇದರೊಳಗೇ ಓಡುತ್ತದೆ. ಅದಕ್ಕೂ ಮೊದಲು ಹೇಗಿತ್ತು ಅಂತ ನೋಡಬೇಕಾದರೆ 1991ಕ್ಕೆ ಹೋಗಬೇಕು. ಲಿನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಎಂಬ ಇನ್ನೊಂದು ಓಎಸ್‌ನಲ್ಲಿ ಕೂತು ಲಿನಕ್ಸ್ ಬರೆಯುತ್ತಿದ್ದ ಕಾಲ. ಎರಡೂ ಒಂದೇ ಯಂತ್ರದಲ್ಲಿ. ಒಮ್ಮೆ ಮೋಡೆಮ್‌ಗೆ ಹೋಗಬೇಕಾದ ಡಯಲ್ ಆಜ್ಞೆ ಹಾರ್ಡ್‌ಡಿಸ್ಕ್‌ಗೆ ಹೋಗಿ, ಮಿನಿಕ್ಸ್ ಇದ್ದ ಭಾಗವೇ ಕೆಟ್ಟುಹೋಯಿತು. ಒಳಗಿನ ಓಎಸ್ ಎಷ್ಟು ಕುಣಿದರೂ ಹೊರಗಿನದ್ದಕ್ಕೆ ಪೆಟ್ಟು ಬೀಳಬಾರದು ಅನ್ನೋದು ಎಮ್ಯುಲೇಟರ್ ಬಳಸಲು ಒಂದು ಕಾರಣ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಒಳಗಿನ ಓಎಸ್ ಸತ್ತಾಗ ಏನಾಯಿತು ಅಂತ ಹೇಳಲು ಹೊರಗೆ ಒಬ್ಬ ಸಾಕ್ಷಿ ಬದುಕಿರುತ್ತಾನೆ. ಈ ಪ್ರಕರಣ ಪೂರ್ತಿ ಆ ಸಾಕ್ಷಿಯ ಸುತ್ತಲೇ ತಿರುಗುತ್ತದೆ. ಅವನು ಯಾವಾಗ ಮಾತಾಡಿದ, ಯಾವಾಗ ಬಾಯಿ ಮುಚ್ಚಿಕೊಂಡ, ಯಾವುದನ್ನು ನೋಡಲೇ ಇಲ್ಲ ಅಂತ.

ಆರು ಸಲ ಆಲ್ಫಾ

ಮೊದಲ ಕೆಲಸ ಬೇಗ ಮುಗಿಯಿತು. ಮಲ್ಟಿಬೂಟ್ ಹೆಡರ್ (ಕರ್ನಲ್ಲನ್ನು ಹೇಗೆ ಲೋಡ್ ಮಾಡಬೇಕು ಎಂದು ತಿಳಿಸುವ ತಲೆಬರಹ) ಇಟ್ಟು, 32 ಬಿಟ್‌ನ ಪುಟ್ಟ ಸಿ ಕರ್ನಲ್ ಬರೆದು, ಕ್ಯೂಎಮುವಿನ ಕರ್ನಲ್ ಆಯ್ಕೆಗೆ ನೇರವಾಗಿ ಕೊಟ್ಟರೆ ಓಡುತ್ತದೆ. ಕರ್ನಲ್ಲನ್ನು ಮೆಮೊರಿಗೆ ತರುವ ಬೂಟ್‌ಲೋಡರ್ ಕೂಡ ಬೇಡ. ಟೆಕ್ಸ್ಟ್ ಮೋಡ್‌ನಲ್ಲಿ ಪರದೆ ಅಂದರೆ ಮೆಮೊರಿಯ ಒಂದು ತುಂಡು ಅಷ್ಟೇ. ಹೆಕ್ಸಾದಲ್ಲಿ (16ರ ಆಧಾರದ ಸಂಖ್ಯೆಯಲ್ಲಿ) ಬಿ8000 ಎಂಬ ವಿಳಾಸದಿಂದ ಶುರು. 80 ಕಾಲಂ, 25 ಸಾಲು, ಒಂದೊಂದು ಮನೆಗೆ 2 ಬೈಟ್. ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಬಣ್ಣ. ಒಟ್ಟು 4000 ಬೈಟ್.

ಇಂಗ್ಲಿಷ್ ಸಾಲು ಬಂತು. ಆ ಜಾಗದಲ್ಲಿ ‘ಸ್ವಾಗತ’ ಹಾಕಿದರು. ಪರದೆ ಮೇಲೆ ಗ್ರೀಕಿನ ಆಲ್ಫಾ, ಬೂದು ಚೌಕ, ಒಂದು ಗೆರೆ ತುಂಡು. ಮತ್ತೆ ಆಲ್ಫಾ, ಮತ್ತೇನೋ. ಆರು ಸಲ ಆಲ್ಫಾ.

ಇದು ಕಸದಂತೆ ಕಂಡರೂ ಲೆಕ್ಕ ಕರಾರುವಾಕ್ಕು. ‘ಸ್ವಾಗತ’ ಪದದಲ್ಲಿ ಯೂನಿಕೋಡ್ ಪ್ರಕಾರ ಆರು ಚಿಹ್ನೆ: ಸ, ವಿರಾಮ (ಸ್ವರ ತೆಗೆದು ಒತ್ತಿಗೆ ದಾರಿ ಮಾಡುವ ಚಿಹ್ನೆ), ವ, ಆ-ಕಾರದ ದೀರ್ಘ, ಗ, ತ. ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ರೀತಿಯಲ್ಲಿ, ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಒಟ್ಟು 18. ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟ್ ಒಂದೇ, ಹೆಕ್ಸಾದಲ್ಲಿ ಇ0. ಹಳೆಯ ಪಿಸಿಯ 437ನೇ ಕೋಡ್ ಪೇಜ್ ಎಂಬ ಅಕ್ಷರಪಟ್ಟಿಯಲ್ಲಿ ಆ ಸಂಖ್ಯೆಗೆ ಇರುವುದು ಆಲ್ಫಾ. ಎರಡನೇ ಬೈಟ್ ಬಿ2 ಆದರೆ ಬೂದು ಚೌಕ, ಬಿ3 ಆದರೆ ಉದ್ದ ಗೆರೆ. ಈ ಪದದಲ್ಲಿ ಬಿ3 ಬರುವುದು ವಿರಾಮ ಚಿಹ್ನೆಗೆ ಮಾತ್ರ. ಪರದೆ ನೋಡಿ ಎರಡನೆಯದು ವಿರಾಮ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಕರ್ನಲ್ ತನಗೆ ಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಫಾಂಟ್ ಬದಲಾಯಿಸಿದರೆ ಆಗಲ್ವಾ ಸರ್ ಅಂತ ಒಬ್ಬ ಕೇಳಿದ. ವಿಜಿಎ ಟೆಕ್ಸ್ಟ್ ಮೋಡ್‌ನಲ್ಲಿ ಫಾಂಟ್ ಬದಲಾಯಿಸಬಹುದು, ನಿಜ. ಆದರೆ ಜಾಗ ಇರೋದು 256 ಆಕಾರಗಳಿಗೆ. ಬಣ್ಣದ ಒಂದು ಬಿಟ್ ಬಿಟ್ಟುಕೊಟ್ಟರೆ 512. ನಮ್ಮ ವ್ಯಂಜನಗಳಿಗೆ ಬರೀ ಕಾಗುಣಿತ ಹಾಕಿದರೇ ನಾನೂರು ದಾಟುತ್ತದೆ. ಮೇಲೆ ಒತ್ತಕ್ಷರ, ಅರ್ಕಾವೊತ್ತು. ಹೋಗಲಿ, ಅಷ್ಟನ್ನೂ ತುಂಬಿದರೂ ಮನೆಯ ಅಗಲ 8 ಚುಕ್ಕೆ, ಎತ್ತರ 16. ಅಷ್ಟರಲ್ಲಿ ‘ಝ’ ಬರೆದು ಅದರ ಕೆಳಗೆ ಒತ್ತು ಕೊಡಿ ನೋಡೋಣ. ಲಿನಕ್ಸ್‌ನ ಕಪ್ಪು ಕನ್ಸೋಲ್ ಕೂಡ ಇದೇ 512ರ ಮಿತಿಯಲ್ಲಿ ಸಿಕ್ಕಿಕೊಂಡು ಕನ್ನಡವನ್ನು ಸರಿಯಾಗಿ ತೋರಿಸುವುದಿಲ್ಲ.

ಹಾಗಾಗಿ ಗ್ರಾಫಿಕ್ಸ್. ಮಲ್ಟಿಬೂಟ್ ಹೆಡರ್‌ನಲ್ಲಿ 1024 × 768 ಬೇಕು ಅಂತ ಬರೆದರು. ಕ್ಯೂಎಮು ತಕ್ಷಣ ಒಂದು ಸಾಲಿನ ಉತ್ತರ ಕೊಟ್ಟಿತು: ಮಲ್ಟಿಬೂಟ್‌ಗೆ ವಿಬಿಇ ಗೊತ್ತು, ನಮಗೆ ಗೊತ್ತಿಲ್ಲ! ಇಷ್ಟು ಚೆಂದದ ಎರರ್ ಮೆಸೇಜ್ ಜಾಸ್ತಿ ಕಡೆ ಸಿಗಲ್ಲ. ಅರ್ಥ ಸರಳ. ವಿಬಿಇ ಅಂದರೆ ವಿಡಿಯೋ ಮೋಡ್ ಹೊಂದಿಸುವ ವಿಧಾನ. ಕ್ಯೂಎಮುವಿನ ಒಳಗಿನ ಪುಟ್ಟ ಲೋಡರ್‌ಗೆ ಅದು ಬರುವುದಿಲ್ಲ. ಗ್ರಬ್ ಎಂಬ ನಿಜವಾದ ಬೂಟ್‌ಲೋಡರ್ ಬೇಕು. ಗ್ರಬ್‌ನಿಂದ ಐಎಸ್‌ಒ ಫೈಲ್ (ಬೂಟ್ ಆಗುವ ಸಿಡಿಯ ಪ್ರತಿ) ಮಾಡಿದರು. ಅದೂ ಮೊದಲಿಗೆ ಬೂಟ್ ಆಗಲಿಲ್ಲ, ಸಿಡಿ ಓದಲಾಗಲಿಲ್ಲ ಎಂದು 0009 ಕೋಡ್ ತೋರಿಸಿತು. ಉಬುಂಟುವಿನಲ್ಲಿ ಬಯೋಸ್‌ಗೆ (ಯಂತ್ರವನ್ನು ಮೊದಲು ಎಬ್ಬಿಸುವ ಸಾಫ್ಟ್‌ವೇರ್‌ಗೆ) ಬೇಕಾದ ಗ್ರಬ್ ಪ್ಯಾಕೇಜ್ ಬೇರೆಯೇ ಇದೆ. ಅದನ್ನು ಹಾಕಿಕೊಂಡ ಮೇಲೆ ಸರಿಹೋಯಿತು.

ಮಿಣುಕು, ಮಿಣುಕು, ಮಿಣುಕು

ಗ್ರಬ್ ಬಂತು, ಮೆನು ಬಂತು, ಎಂಟರ್ ಒತ್ತಿದರೆ ಪರದೆ ಒಮ್ಮೆ ಮಿಣುಕಿ ಮತ್ತೆ ಗ್ರಬ್ ಮೆನು. ಮತ್ತೆ ಒತ್ತಿದರೆ ಮತ್ತೆ ಅದೇ. ‘ಸರ್, ಅದು ಸುಮ್ನೆ ರೀಸ್ಟಾರ್ಟ್ ಆಗ್ತಾನೇ ಇದೆ’ ಅಂತ ಫೋನ್ ಬಂತು.

ಸುಮ್ಮನೆ ಯಾವ ಪ್ರೊಸೆಸರೂ ರೀಸ್ಟಾರ್ಟ್ ಆಗುವುದಿಲ್ಲ. ಇದು ಟ್ರಿಪಲ್ ಫಾಲ್ಟ್. ಕರ್ನಲ್ ಏನೋ ತಪ್ಪು ಮಾಡಿದಾಗ ಪ್ರೊಸೆಸರ್ ಒಂದು ಎಕ್ಸೆಪ್ಷನ್ (ತಪ್ಪಿನ ಸೂಚನೆ) ಎಬ್ಬಿಸಿ, ಅದನ್ನು ನೋಡಿಕೊಳ್ಳುವ ಫಂಕ್ಷನ್ ಎಲ್ಲಿದೆ ಎಂದು ಐಡಿಟಿ ಎಂಬ ಪಟ್ಟಿಯಲ್ಲಿ ಹುಡುಕುತ್ತದೆ. ಸಿಗದಿದ್ದರೆ ಡಬಲ್ ಫಾಲ್ಟ್ ಎಬ್ಬಿಸಿ ಅದಕ್ಕೂ ಹುಡುಕುತ್ತದೆ. ಅದೂ ಸಿಗದಿದ್ದರೆ ಕೈಚೆಲ್ಲಿ ರೀಸೆಟ್. ಮನೆಗೆ ಬೆಂಕಿ ಬಿದ್ದಾಗ ಪಕ್ಕದ ಮನೆಗೆ ಫೋನ್ ಮಾಡಿ, ಅವರು ಎತ್ತದೆ ಫೈರ್ ಸ್ಟೇಷನ್‌ಗೆ ಮಾಡಿ, ಅಲ್ಲೂ ಯಾರೂ ಎತ್ತದಿದ್ದರೆ ಹೇಗೋ ಹಾಗೆ. ಇವರು ಐಡಿಟಿ ಇನ್ನೂ ಬರೆದಿರಲಿಲ್ಲ. ಮುಂದಿನ ವಾರ ಬರೆಯೋಣ ಅಂತ ಬಿಟ್ಟಿದ್ದರು.

ನಿಜವಾದ ಯಂತ್ರದಲ್ಲಿ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ರೀಸೆಟ್ ಆದ ಮೇಲೆ ಯಾರನ್ನು ಕೇಳೋದು? ಕ್ಯೂಎಮುವಿನಲ್ಲಿ ಕೇಳಬಹುದು. ರೀಬೂಟ್ ಆಗಬೇಡ ಎಂದು ಒಂದು ಆಯ್ಕೆ, ಇಂಟರಪ್ಟ್ ಮತ್ತು ಎಕ್ಸೆಪ್ಷನ್‌ಗಳನ್ನೆಲ್ಲ ಲಾಗ್ ಮಾಡು ಎಂದು ಇನ್ನೊಂದು ಆಯ್ಕೆ ಕೊಟ್ಟರೆ ಸಾಯುವ ಕ್ಷಣದ ರಿಜಿಸ್ಟರ್‌ಗಳೆಲ್ಲ (ಪ್ರೊಸೆಸರ್‌ನೊಳಗಿನ ಪುಟ್ಟ ಮೆಮೊರಿಗಳು) ಫೈಲ್‌ಗೆ ಇಳಿಯುತ್ತವೆ. ಹಾಗೆ ಮಾಡಿ ಅಂದೆ. ಮಾಡಿದರು. ಲಾಗ್‌ನಲ್ಲಿ ಬೇಕಾದ್ದು ಏನೂ ಇರಲಿಲ್ಲ.

ಇಲ್ಲೇ ನನಗೆ ಈ ಪ್ರಕರಣ ರುಚಿಸತೊಡಗಿದ್ದು. ಅವರು ಕೊಡುತ್ತಿದ್ದ ಕಮಾಂಡ್ ಪೂರ್ತಿ ಕಳಿಸಿ ಅಂದೆ. ಅದರಲ್ಲಿ ಕೆವಿಎಂ ಆನ್ ಮಾಡುವ ಆಯ್ಕೆ ಇತ್ತು. ವೇಗ ಜಾಸ್ತಿ ಆಗುತ್ತೆ ಅಂತ ಎಲ್ಲೋ ನೋಡಿ ಸೇರಿಸಿದ್ದರಂತೆ. ಕ್ಯೂಎಮುವಿಗೆ ಎರಡು ಬಗೆಯ ಓಟವಿದೆ. ಒಂದರಲ್ಲಿ ಒಳಗಿನ ಓಎಸ್‌ನ ಪ್ರತಿ ಇನ್‌ಸ್ಟ್ರಕ್ಷನ್ನನ್ನೂ ಕ್ಯೂಎಮುವೇ ಅನುವಾದಿಸಿ ಓಡಿಸುತ್ತದೆ, ಇದು ಟಿಸಿಜಿ. ನಿಧಾನ, ಆದರೆ ಎಲ್ಲವೂ ಅದರ ಕಣ್ಣೆದುರೇ ನಡೆಯುತ್ತದೆ. ಇನ್ನೊಂದರಲ್ಲಿ ನಿಜವಾದ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ಬಳಸಿ ಕೋಡ್ ನೇರ ಓಡುತ್ತದೆ. 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ಕೆವಿಎಂ ಇದನ್ನು ಮಾಡುತ್ತದೆ. ಆಗ ಪೇಜ್ ಫಾಲ್ಟ್ (ನಕ್ಷೆಯಲ್ಲಿ ಇಲ್ಲದ ವಿಳಾಸ ಮುಟ್ಟಿದ ತಪ್ಪು) ಆದರೆ ಪ್ರೊಸೆಸರ್ ಅದನ್ನು ನೇರ ಒಳಗಿನ ಓಎಸ್‌ಗೆ ಒಪ್ಪಿಸಿಬಿಡುತ್ತದೆ. ಕ್ಯೂಎಮುವಿಗೆ ಸುದ್ದಿಯೇ ಇಲ್ಲ. ಅದಕ್ಕೆ ಗೊತ್ತಾಗೋದು ಕೊನೆಯ ಸಾವು ಮಾತ್ರ. ವೇಗಕ್ಕಾಗಿ ಸಾಕ್ಷಿಯನ್ನೇ ಕೋಣೆಯಿಂದ ಹೊರಗೆ ಕಳಿಸಿದ್ದರು. ಹತ್ತಾರು ಕಿಲೋಬೈಟಿನ ಕರ್ನಲ್‌ಗೆ ವೇಗ ಯಾಕಪ್ಪಾ ಬೇಕು?

ಆ ಆಯ್ಕೆ ತೆಗೆದರು. ಲಾಗ್ ಫೈಲ್ ಉಬ್ಬಿತು. ಮೊದಲಿನ ಸಾವಿರಾರು ಸಾಲು ಬಯೋಸ್ ಮತ್ತು ಗ್ರಬ್‌ನ ಗದ್ದಲ, ಅದನ್ನು ನೋಡಬೇಕಿಲ್ಲ. ಬಾಲ ನೋಡಿದರೆ ಸಾಕು. ಅಲ್ಲಿ ಕ್ರಮವಾಗಿ ಮೂರು ಸಂಗತಿ: ಎಕ್ಸೆಪ್ಷನ್ 0ಇ, ಆಮೇಲೆ 08, ಆಮೇಲೆ ಟ್ರಿಪಲ್ ಫಾಲ್ಟ್. 0ಇ ಅಂದರೆ 14, ಪೇಜ್ ಫಾಲ್ಟ್. ಅದರ ಎರರ್ ಕೋಡ್ 0002: ಪೇಜ್ ಇಲ್ಲ, ಬರೆಯಲು ಹೋದದ್ದು, ಹೋದವರು ಕರ್ನಲ್. ಯಾವ ವಿಳಾಸಕ್ಕೆ ಎಂದು ಸಿಆರ್2 ರಿಜಿಸ್ಟರ್ ಹೇಳುತ್ತದೆ. ಅದರಲ್ಲಿ ಎಫ್‌ಡಿ, ಮುಂದೆ ಆರು ಸೊನ್ನೆ.

‘ಸರ್, ಅದು 4048 ಎಂಬಿ. ನಾವು ಕೊಟ್ಟಿರೋದೇ 128 ಎಂಬಿ ರ‍್ಯಾಮ್ ಅಲ್ವಾ?’ ಗುಂಪಿನ ಹುಡುಗಿ ಕೇಳಿದಳು. ಒಳ್ಳೆ ಪ್ರಶ್ನೆ. ಆ ವಿಳಾಸದಲ್ಲಿ ಇರುವುದು ರ‍್ಯಾಮ್ ಅಲ್ಲವೇ ಅಲ್ಲ, ವಿಡಿಯೋ ಕಾರ್ಡಿನ ಫ್ರೇಮ್‌ಬಫರ್, ಪರದೆಯ ಚುಕ್ಕೆಗಳು ಕೂರುವ ಮೆಮೊರಿ. 32 ಬಿಟ್ ವಿಳಾಸದ 4 ಜಿಬಿ ಹರವಿನಲ್ಲಿ ತುದಿಯ ಜಾಗಗಳನ್ನು ಇಂಥ ಸಾಧನಗಳಿಗೆ ಕೊಟ್ಟಿರುತ್ತಾರೆ. ಗ್ರಬ್ ಆ ವಿಳಾಸವನ್ನು ಕರ್ನಲ್‌ಗೆ ಸರಿಯಾಗಿಯೇ ಕೊಟ್ಟಿತ್ತು. ಆದರೆ ಇವರು ಪೇಜಿಂಗ್ ಆನ್ ಮಾಡುವಾಗ ಒಂದೇ ಪೇಜ್ ಟೇಬಲ್ (ಆ ನಕ್ಷೆಯ ಒಂದು ಹಾಳೆ) ತುಂಬಿದ್ದರು. 1024 ನಮೂದು, ಒಂದೊಂದಕ್ಕೆ 4 ಕೆಬಿ, ಒಟ್ಟು ಮೊದಲ 4 ಎಂಬಿ. ಕರ್ನಲ್ ಅದರೊಳಗಿತ್ತು. ಹಳೆಯ ಬಿ8000 ಕೂಡ ಅದರೊಳಗೇ ಇತ್ತು, ಅದಕ್ಕೇ ಟೆಕ್ಸ್ಟ್ ಮೋಡ್‌ನಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. 4048ನೇ ಎಂಬಿ ಅವರ ನಕ್ಷೆಯಲ್ಲಿ ಇರಲೇ ಇಲ್ಲ.

ಆ ಹಾಳೆಗಳ ಸೂಚಿಯಾದ ಪೇಜ್ ಡೈರೆಕ್ಟರಿಯ 1012ನೇ ಜಾಗದಲ್ಲಿ 4 ಎಂಬಿಯ ಒಂದು ದೊಡ್ಡ ಪೇಜ್ ಹಾಕಿದರು. 1024 × 768 ಚುಕ್ಕೆ, ಚುಕ್ಕೆಗೆ 4 ಬೈಟ್, ಸರಿಯಾಗಿ 3 ಎಂಬಿ. ಒಂದು ಪೇಜ್ ಸಾಕು, 1 ಎಂಬಿ ಉಳಿಯುತ್ತದೆ. ಪರದೆ ನೀಲಿಯಾಗಿ ನಿಂತಿತು. ಆ 1 ಎಂಬಿ ಉಳಿತಾಯದ ವಿಷಯ ಆಮೇಲೆ ಬರುತ್ತದೆ.

ಅಕ್ಷರ ಹೊರಗೆ, ಚಿತ್ರ ಒಳಗೆ

ನೀಲಿ ಪರದೆ ಮೇಲೆ ‘ಸ್ವಾಗತ’ ಬರೆಯೋದು ಹೇಗೆ? ಫಾಂಟ್ ಫೈಲ್ ಓದಿ, ಸ ಮತ್ತು ವ ನಡುವೆ ವಿರಾಮ ಬಂದಿದೆ, ಆದ್ದರಿಂದ ವ ಕೆಳಗಿಳಿಯಬೇಕು, ದೀರ್ಘ ಸ-ಗೆ ಅಂಟಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಸಾಮಾನ್ಯವಾಗಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಅದನ್ನು ಇವರ ಕರ್ನಲ್‌ಗೆ ತರಬೇಕಾದರೆ ಮೊದಲು ಮೆಮೊರಿ ಅಲೊಕೇಟರ್ ಬೇಕು, ಸಿ ಲೈಬ್ರರಿಯ ಅರ್ಧ ಬೇಕು, ಸಿ++ನ ಒಂದಷ್ಟು ಬೇಕು. ಒಂದು ಸೆಮಿಸ್ಟರಿನ ಮಾತಲ್ಲ.

ಆದರೆ ಹೊರಗೆ ಒಂದು ಪೂರ್ತಿ ಲಿನಕ್ಸ್ ಕೂತಿದೆಯಲ್ಲ! ಅದಕ್ಕೆ ಕನ್ನಡ ಚೆನ್ನಾಗಿ ಬರುತ್ತದೆ. ಬಿಲ್ಡ್ ಆಗುವಾಗಲೇ ಉಬುಂಟುವಿನಲ್ಲಿ ಪದವನ್ನು ಚಿತ್ರ ಮಾಡಿ, ಚುಕ್ಕೆಗಳನ್ನು ಸಿ ಅರೇ ಆಗಿಸಿ, ಕರ್ನಲ್ ಜೊತೆ ಕಂಪೈಲ್ ಮಾಡಿಬಿಡಿ ಅಂದೆ. ಮೊದಲು ಪೈಥಾನ್‌ನ ಪಿಲ್ಲೋ ಬಳಸಿದರು. ಚಿತ್ರದಲ್ಲಿ ‘ಸ್‌’ ಬೇರೆ, ‘ವಾಗತ’ ಬೇರೆ ನಿಂತಿತ್ತು. ಪಿಲ್ಲೋ ಜೊತೆ ರಾಕ್ಮ್ ಎಂಬ ಲೈಬ್ರರಿ ಇಲ್ಲದಿದ್ದರೆ ಅದು ಅಕ್ಷರಗಳನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತದೆ, ಒತ್ತು ಗೊತ್ತಿಲ್ಲ. ಹಾರ್ಫ್‌ಬಜ್ ಜೊತೆಗೇ ಬರುವ ಎಚ್‌ಬಿ-ವ್ಯೂ ಟೂಲಿಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟರು. ಒತ್ತು ತನ್ನ ಜಾಗಕ್ಕೆ ಬಂದು ಕೂತಿತು. 400 ಚುಕ್ಕೆ ಅಗಲ, 56 ಎತ್ತರ, ಚುಕ್ಕೆಗೆ 1 ಬಿಟ್. ಒಟ್ಟು 2800 ಬೈಟ್.

ಪ್ರಾಜೆಕ್ಟ್ ರಿವ್ಯೂನಲ್ಲಿ ಒಬ್ಬ ಮೇಷ್ಟ್ರು ಕೇಳಿದರಂತೆ, ‘ಹಾಗಾದ್ರೆ ನಿಮ್ಮ ಓಎಸ್‌ಗೆ ಕನ್ನಡ ಬರಲ್ಲ, ಒಂದು ಫೋಟೋ ತೋರಿಸುತ್ತೆ ಅಷ್ಟೇ ತಾನೆ?’ ಹುಡುಗರು ಮುಖ ಸಣ್ಣ ಮಾಡಿಕೊಂಡಿದ್ದರು. ಮೇಷ್ಟ್ರು ಹೇಳಿದ್ದು ಸರಿ. ವರದಿಯಲ್ಲೂ ಹಾಗೇ ಬರೆಯಿರಿ ಅಂತ ನಾನೂ ಹೇಳಿದೆ: ಸ್ಥಿರವಾದ ಸಾಲುಗಳಿಗೆ ಹೊರಗೆ ತಯಾರಿಸಿದ ಚಿತ್ರ. ಸುಳ್ಳು ಹೇಳಬೇಕಾದ ಅಗತ್ಯ ಇಲ್ಲ. ಕೀಬೋರ್ಡಿನಿಂದ ಟೈಪ್ ಮಾಡಿದ್ದು ಕನ್ನಡದಲ್ಲಿ ಬರಬೇಕಾದರೆ ಮಾತ್ರ ಈ ದಾರಿ ಸಾಲದು. ಎಲ್ಲ ಗುಣಿತಾಕ್ಷರ, ಎಲ್ಲ ಒತ್ತುಗಳ ಚಿತ್ರಗಳನ್ನು ಮೊದಲೇ ಜೋಡಿಸಿಟ್ಟು, ಯಾವುದರ ಕೆಳಗೆ ಯಾವುದು ಎಂಬ ನಿಯಮವನ್ನು ಕರ್ನಲ್‌ನಲ್ಲೇ ಬರೆಯಬೇಕು. ಅದು ಅಸಾಧ್ಯವೇನಲ್ಲ, ಅರ್ಕಾವೊತ್ತು ಬಂದಾಗ ತಲೆ ಕೆಡುತ್ತದೆ ಅಷ್ಟೇ. ‘ಕಾರ್ಯ’ ಪದದಲ್ಲಿ ಮೆಮೊರಿಯಲ್ಲಿ ಮೊದಲು ಬರುವ ರ, ಪರದೆಯಲ್ಲಿ ಯ ಆದ ಮೇಲೆ ಕಾಣಬೇಕು.

ಮಾವನ ಲ್ಯಾಪ್‌ಟಾಪ್

ಕ್ಯೂಎಮುವಿನಲ್ಲಿ ಎಲ್ಲ ಚೆನ್ನಾಗಿ ಓಡಿತು. ಡೆಮೊ ದಿನ ನಿಜವಾದ ಯಂತ್ರದಲ್ಲಿ ತೋರಿಸೋಣ ಅಂತ ಆಸೆ ಹುಟ್ಟಿತು. ಒಬ್ಬನ ಮಾವನ ಹಳೆಯ ಲ್ಯಾಪ್‌ಟಾಪ್ ತಂದರು. ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಬರೆದು, ಸೆಕ್ಯೂರ್ ಬೂಟ್ ಆಫ್ ಮಾಡಿ, ಬೂಟ್ ಮಾಡಿದರು. ಗ್ರಬ್ ಬಂತು. ಪರದೆ ನೀಲಿಯಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಲ್ಯಾಪ್‌ಟಾಪ್ ಕಂಪನಿಯ ಲೋಗೋ.

ಮತ್ತೆ ಟ್ರಿಪಲ್ ಫಾಲ್ಟ್. ಈ ಸಲ ಲಾಗ್ ಇಲ್ಲ. ಲಾಗನ್ನು ಹೊರಗೆ ಕಳಿಸಲು ಸೀರಿಯಲ್ ಪೋರ್ಟ್ ಕೂಡ ಇಲ್ಲದ ಯಂತ್ರ.

‘ಹಾರ್ಡ್‌ವೇರ್ ಪ್ರಾಬ್ಲಂ ಇರಬೇಕು ಸರ್, ಕ್ಯೂಎಮುವಿನಲ್ಲಿ ಸರಿ ಇದೆಯಲ್ಲ’ ಅಂದರು. ಈ ಮಾತನ್ನು ಕೆಲಸದಲ್ಲಿರುವ ಇಂಜಿನಿಯರುಗಳ ಬಾಯಲ್ಲೂ ಕೇಳಿದ್ದೇನೆ. ಅದನ್ನು ಒಪ್ಪಿಕೊಂಡರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ನಾನು ಕೇಳಿದ್ದು ಒಂದೇ: ಎರಡು ಯಂತ್ರಗಳ ನಡುವೆ ಕರ್ನಲ್‌ಗೆ ಬೇರೆ ಬೇರೆಯಾಗಿ ಕಾಣುವುದು ಏನು, ಪಟ್ಟಿ ಮಾಡಿ. ಗ್ರಬ್‌ನ ಕಮಾಂಡ್ ಸಾಲಿನಲ್ಲಿ ‘ವಿಡಿಯೋಇನ್ಫೋ’ ಎಂದು ಟೈಪ್ ಮಾಡಿದರೆ ಯಂತ್ರ ಕೊಡುವ ಮೋಡ್‌ಗಳ ಪಟ್ಟಿ ಬರುತ್ತದೆ. ಅದರ ಫೋಟೋ ತೆಗೆದು ಕಳಿಸಿದರು. ಅದರಲ್ಲಿ 1024 × 768 ಇರಲೇ ಇಲ್ಲ. ಇದ್ದದ್ದು 1366 × 768. ಕೇಳಿದ ಮೋಡ್ ಸಿಗದಿದ್ದರೆ ಗ್ರಬ್ ತನಗೆ ಸಿಕ್ಕಿದ್ದನ್ನು ಕೊಡುತ್ತದೆ. ಕರ್ನಲ್ ಕೂಡ ಅಗಲವನ್ನು ಗ್ರಬ್‌ನಿಂದಲೇ ಓದಿಕೊಳ್ಳುತ್ತಿತ್ತು, ಆದ್ದರಿಂದ ಅದರಲ್ಲಿ ತೊಂದರೆ ಇಲ್ಲ.

ಈಗ ಗುಣಿಸಿ ನೋಡಿ. 1366ನ್ನು 768ರಿಂದ ಗುಣಿಸಿದರೆ 10,49,088 ಚುಕ್ಕೆ. 4 ಎಂಬಿ ಪೇಜ್‌ನಲ್ಲಿ ಹಿಡಿಸುವುದು 10,48,576. ಉಳಿದದ್ದು 512. ಬರೀ 512 ಚುಕ್ಕೆ! ಪರದೆಯನ್ನು ನೀಲಿ ಬಳಿಯುತ್ತಾ ಬಂದ ಕರ್ನಲ್ ಕಟ್ಟಕಡೆಯ ಸಾಲಿನ ಮಧ್ಯದಲ್ಲೆಲ್ಲೋ ನಕ್ಷೆಯ ಅಂಚು ದಾಟಿ ಬಿದ್ದಿತ್ತು. ಅದಕ್ಕೇ ನೀಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಕಂಡು ಆಮೇಲೆ ಹೋದದ್ದು.

ಇದು ಊಹೆ ಅಷ್ಟೇ, ಖಚಿತ ಆಗಬೇಕಿತ್ತು. ಮತ್ತೆ ಕ್ಯೂಎಮುವಿಗೆ ಬಂದೆವು. 1366 ಅಲ್ಲಿ ಆಗುವುದಿಲ್ಲ, ಅದರ ವಿಡಿಯೋ ಕಾರ್ಡ್ ಅಗಲವನ್ನು 8ರ ಗುಣಕಕ್ಕೆ ಇಳಿಸಿಬಿಡುತ್ತದೆ. ಆದರೆ ಅದೇ ಅಗಲ ಯಾಕೆ ಬೇಕು? 4 ಎಂಬಿ ಮೀರಿದರೆ ಸಾಕು. 1280 × 1024 ಕೇಳಿದರು, ಅದು ಸರಿಯಾಗಿ 5 ಎಂಬಿ. ಕ್ಯೂಎಮು ಅದೇ ಥರ ಬಿತ್ತು. ಲಾಗ್‌ನ ಬಾಲದಲ್ಲಿ ಪೇಜ್ ಫಾಲ್ಟ್, ಸಿಆರ್2ರಲ್ಲಿ ಎಫ್‌ಡಿ400000. ಫ್ರೇಮ್‌ಬಫರ್ ಶುರುವಾದ ಜಾಗದಿಂದ ಕರಾರುವಾಕ್ಕಾಗಿ 4 ಎಂಬಿ ಆಚೆ. ಸತ್ತ ಇನ್‌ಸ್ಟ್ರಕ್ಷನ್‌ನ ವಿಳಾಸ ಹಿಡಿದು ಹೋದರೆ ಪರದೆ ಬಳಿಯುವ ಫಂಕ್ಷನ್‌ನ ಬರೆಯುವ ಸಾಲು.

1024 × 768 ಮೋಡ್ ಮೊದಲ ದಿನದಿಂದ 1 ಎಂಬಿ ಉಳಿಸಿಕೊಟ್ಟು ಈ ತಪ್ಪನ್ನು ಮುಚ್ಚಿಟ್ಟಿತ್ತು. ಪರೀಕ್ಷೆಗೆ ಕೂರಿಸಿದ ಯಂತ್ರ ಯಾವಾಗಲೂ ಒಂದೇ ಅಳತೆಯದ್ದಾದರೆ ಹೀಗೇ ಆಗೋದು. ಪೇಜ್‌ಗಳ ಲೆಕ್ಕವನ್ನು ಫ್ರೇಮ್‌ಬಫರ್ ಗಾತ್ರದಿಂದ ಮಾಡುವಂತೆ ಬದಲಾಯಿಸಿದರು. ಜೊತೆಗೆ ಕೊನೆಗೂ ಐಡಿಟಿ ಬರೆದರು. ಪೇಜ್ ಫಾಲ್ಟ್ ಆದರೆ ರೀಸೆಟ್ ಆಗುವ ಬದಲು, ಮೇಲಿನ ಎಡ ಮೂಲೆಯಲ್ಲಿ ಸಿಆರ್2ರ 32 ಬಿಟ್‌ಗಳನ್ನು ಕೆಂಪು ಬಿಳಿ ಚೌಕಗಳಾಗಿ ತೋರಿಸಿ ನಿಲ್ಲುತ್ತದೆ. ಫಾಂಟ್ ಬೇಡ, ಏನೂ ಬೇಡ. ಮೊಬೈಲಿನಲ್ಲಿ ಫೋಟೋ ತೆಗೆದು ಚೌಕ ಎಣಿಸಿದರೆ ವಿಳಾಸ ಸಿಕ್ಕಿತು. ಈ ಉಪಾಯ ಹುಡುಗಿಯದ್ದು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಹಿಡಿಸಿದ ಕೋಡ್ ಅದೇ.

ಎಡಕ್ಕೆ ವಾಲಿದ ‘ಸ್ವಾಗತ’

ಮತ್ತೆ ಮಾವನ ಲ್ಯಾಪ್‌ಟಾಪ್. ರೀಸೆಟ್ ಇಲ್ಲ. ಆದರೆ ‘ಸ್ವಾಗತ’ ಇರಬೇಕಾದ ಕಡೆ ಓರೆಯಾದ ಬಿಳಿ ಗೀರುಗಳು. ಕೆಳಗೆ ಹೋದಂತೆ ಎಡಕ್ಕೆ ಜಾರುತ್ತಿದ್ದವು.

ಉತ್ತರ ಮೊದಲೇ ತೆಗೆದಿದ್ದ ಫೋಟೋದಲ್ಲಿತ್ತು. ವಿಡಿಯೋಇನ್ಫೋ ಪಟ್ಟಿಯಲ್ಲಿ ಮೋಡ್ ಪಕ್ಕದ ಬ್ರ್ಯಾಕೆಟ್‌ನಲ್ಲಿ ಒಂದು ಸಂಖ್ಯೆ ಇರುತ್ತದೆ: 5504. ಅದು ಪಿಚ್. ಅಂದರೆ ಪರದೆಯ ಒಂದು ಸಾಲು ಶುರುವಾದಲ್ಲಿಂದ ಮುಂದಿನ ಸಾಲು ಶುರುವಾಗುವವರೆಗೆ ಎಷ್ಟು ಬೈಟ್ ಎಂಬುದು. 1366 × 4 ಮಾಡಿದರೆ 5464. ಆದರೆ ಈ ಯಂತ್ರ ಪ್ರತಿ ಸಾಲನ್ನೂ 64 ಬೈಟ್‌ಗಳ ಗಡಿಯಲ್ಲಿ ಶುರು ಮಾಡುತ್ತಿತ್ತು, ಆದ್ದರಿಂದ ಸಾಲಿನ ಕೊನೆಗೆ 40 ಬೈಟ್ ಖಾಲಿ. 40 ಬೈಟ್ ಅಂದರೆ 10 ಚುಕ್ಕೆ. ಕರ್ನಲ್ ಅಗಲವನ್ನು 4ರಿಂದ ಗುಣಿಸಿ ಸಾಲು ಬದಲಾಯಿಸುತ್ತಿತ್ತು. ಪ್ರತಿ ಸಾಲಿಗೂ 10 ಚುಕ್ಕೆ ಎಡಕ್ಕೆ. 56 ಸಾಲಿನ ಪದ ಬುಡಕ್ಕೆ ಬರುವಾಗ 550 ಚುಕ್ಕೆ ಜಾರಿರುತ್ತದೆ, ಅಂದರೆ ಪದದ ಅಗಲಕ್ಕಿಂತ ಜಾಸ್ತಿ. ಓದಲು ಆಗದಿದ್ದರಲ್ಲಿ ಆಶ್ಚರ್ಯವಿಲ್ಲ.

ಕ್ಯೂಎಮುವಿನಲ್ಲಿ 1024ಕ್ಕೆ ಪಿಚ್ 4096, ಎರಡೂ ಲೆಕ್ಕ ಒಂದೇ. ಗ್ರಬ್ ಪಿಚ್ಚನ್ನು ಅಗಲದ ಪಕ್ಕದಲ್ಲೇ ಕೊಡುತ್ತದೆ. ಇವರು ಅಗಲ ಓದಿ ಪಿಚ್ ಬಿಟ್ಟಿದ್ದರು. ಸರಿಪಡಿಸಿದ್ದು ಒಂದೇ ಸಾಲು.

ಸರಿಪಡಿಸಿದ ಮೇಲೂ ನಾನು ಬಿಡಲಿಲ್ಲ. ಇದನ್ನು ಕ್ಯೂಎಮುವಿನಲ್ಲಿ ಪರೀಕ್ಷಿಸುವ ದಾರಿ ಬೇಕಿತ್ತು, ಇಲ್ಲದಿದ್ದರೆ ನಾಳೆ ಇನ್ನೊಬ್ಬ ಮತ್ತೆ ಅದೇ ತಪ್ಪು ಮಾಡಿದಾಗ ಮಾವನ ಲ್ಯಾಪ್‌ಟಾಪ್ ಹುಡುಕಿಕೊಂಡು ಹೋಗಬೇಕು. ಕ್ಯೂಎಮುವಿನ ವಿಡಿಯೋ ಕಾರ್ಡಿಗೆ ಬಾಕ್ಸ್ ಎಮ್ಯುಲೇಟರ್‌ನಿಂದ ಬಂದ ಕೆಲವು ರಿಜಿಸ್ಟರ್‌ಗಳಿವೆ. ಅದರಲ್ಲೊಂದು ವರ್ಚುವಲ್ ಅಗಲ. ಕಾಣುವ ಅಗಲ 1024 ಇಟ್ಟು, ವರ್ಚುವಲ್ ಅಗಲ 1040 ಮಾಡಿದರೆ ಪಿಚ್ 4160 ಆಗುತ್ತದೆ. ಟೆಸ್ಟ್ ಬಿಲ್ಡ್‌ನಲ್ಲಿ ಹಾಗೆ ಹೊಂದಿಸಿದರು. ಹಳೆಯ ಕೋಡ್ ಹಾಕಿದರೆ ಪದ ಸಾಲಿಗೆ 16 ಚುಕ್ಕೆಯಂತೆ ವಾಲಿತು. ಹೊಸ ಕೋಡ್‌ನಲ್ಲಿ ನೆಟ್ಟಗೆ ನಿಂತಿತು. ಈಗ ಅವರ ಬಿಲ್ಡ್ ಪ್ರತಿ ಸಲ ಮೂರು ಬಗೆಯಲ್ಲಿ ಓಡುತ್ತದೆ: ಸಾಮಾನ್ಯ ಮೋಡ್, 5 ಎಂಬಿಯ ಮೋಡ್, ಹೆಚ್ಚುವರಿ ಪಿಚ್. ಮೂರಕ್ಕೂ ಟಿಸಿಜಿ, ಮೂರಕ್ಕೂ ಲಾಗ್. ಲಾಗ್‌ನಲ್ಲಿ ಟ್ರಿಪಲ್ ಫಾಲ್ಟ್ ಎಂಬ ಪದ ಕಂಡರೆ ಬಿಲ್ಡ್ ಫೇಲ್.

ಡೆಮೊ ಮಾವನ ಲ್ಯಾಪ್‌ಟಾಪ್‌ನಲ್ಲೇ ಆಯಿತು. ಕೀಬೋರ್ಡ್ ಕೂಡ ಕೆಲಸ ಮಾಡಿತು, ಯಾಕೆಂದರೆ ಅದರೊಳಗಿನ ಕೀಬೋರ್ಡ್ ಇನ್ನೂ ಹಳೆಯ ಪಿಎಸ್/2 ದಾರಿಯಲ್ಲೇ ಮಾತಾಡುತ್ತದೆ. ಮೇಷ್ಟ್ರು ಹೊರಗಿನಿಂದ ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡಿದರು. ಅದು ಸುಮ್ಮನಿತ್ತು. ಯುಎಸ್‌ಬಿ ಡ್ರೈವರ್ ಬರೆಯೋದನ್ನು ಮುಂದಿನ ಬ್ಯಾಚ್‌ಗೆ ಬಿಟ್ಟಿದ್ದಾರೆ.